ಬಲ್ಲಾಳರಾಯನದುರ್ಗದವರೆಗೆ ಬಂದ ದಂಡು

ಮೂಡಿಗೆರೆ ತಾಲ್ಲೂಕಿನ ಪಶ್ಚಿಮದಂಚಿನಲ್ಲಿ, ಸುಂಕಸಾಲೆಯ ಆಚೆಗೆ, ಸುಮಾರು 4,900 ಅಡಿಗಳ ಎತ್ತರದಲ್ಲಿ ನಿಂತಿರುವ ಬಲ್ಲಾಳರಾಯನದುರ್ಗವನ್ನು ಏರಿದವರಿಗೆ ಒಂದು ಪಾರ್ಶ್ವದಲ್ಲಿ ಕಾಫಿತೋಟಗಳ ನೆರಳುಮರಗಳೂ ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳೂ, ಮತ್ತೊಂದು ಪಾರ್ಶ್ವದಲ್ಲಿ ಕಡಿದಾದ ಘಟ್ಟದ ಬುಡಕ್ಕೆ ಬೆಳ್ತಂಗಡಿಯ ಸೀಮೆಯೂ ಕಾಣುತ್ತವೆ. ಬಲ್ಲಾಳರ ಹೆಸರನ್ನು ಹೊತ್ತಿರುವುದರಿಂದ ಈ ದುರ್ಗದ ಕಥೆ ಹೊಯ್ಸಳರೊಡನೆ ಆರಂಭವಾಗಿ ಹೊಯ್ಸಳರೊಡನೆಯೇ ಮುಗಿಯಿತೆಂದು ನೋಡುವವರು ಭಾವಿಸುವುದು ಸಹಜ. ಆದರೆ ಎರಡೂವರೆ ಶತಮಾನಗಳಿಗೂ ಮಿಕ್ಕಿ ಬಾಳಿದ ಕೆಳದಿಯ ಸಂಸ್ಥಾನ 1763ರಲ್ಲಿ ಕೆಲವೇ ವಾರಗಳೊಳಗೆ ಉರುಳಿಬಿದ್ದಾಗ, ಅದರ ಕಡೆಯ ರಾಣಿ ವೀರಮ್ಮಾಜಿ ಓಡಿಬಂದು ಆಶ್ರಯಿಸಿದ್ದು ಈ ಕೋಟೆಯನ್ನೇ. ಆ ಪತನದ ವೃತ್ತಾಂತವನ್ನು ನಮ್ಮ ಮಲೆನಾಡಿನವರು ಬಿದನೂರು ನಗರದ ಕಥೆಯೆಂದು ಬಿಟ್ಟುಬಿಡದೆ ತಮ್ಮ ನೆಲದ ಕಥೆಯೆಂದೇ ಅರಿಯಬೇಕೆಂಬುದು ನನ್ನ ಅಭಿಲಾಷೆ.

ಮೈಸೂರು ಮತ್ತು ಕೆಳದಿ ಹಳೆಯ ನೆರೆಹೊರೆಯ ರಾಜ್ಯಗಳು. ಹಳೆಯ ಹಗೆಗಳೂ ಹೌದು. 1690ರ ಸುಮಾರಿಗೆ ಚಿಕ್ಕದೇವರಾಜ ಒಡೆಯರ ದಂಡು ಕಡೂರು, ಸಖರಾಯಪಟ್ಟಣಗಳ ಬಯಲುಸೀಮೆಯನ್ನು ಗೆದ್ದುಕೊಂಡಿತು. ಅಂದಿನಿಂದ ಎರಡು ರಾಜ್ಯಗಳ ಮೇರೆ ಬಾಬಾಬುಡನ್ ಗಿರಿಯ ಆಸುಪಾಸಿಗೆ ಬಂದು ನಿಂತಿತು. ಆ ಮೇರೆಯಿಂದ ಪಡುವಲಿಗೆ ಕೊಪ್ಪ, ಶೃಂಗೇರಿ, ಕಳಸಗಳು ಕೆಳದಿಗೆ ನಡೆದುಕೊಳ್ಳುತ್ತಿದ್ದವು. ಅಡಿಕೆ, ಮೆಣಸು, ಏಲಕ್ಕಿಗಳನ್ನು ಹೇರೆತ್ತುಗಳು ಹೊತ್ತು ಘಟ್ಟವಿಳಿದು ಮಂಗಳೂರು, ಹೊನ್ನಾವರಗಳ ಬಂದರುಗಳನ್ನು ಸೇರುತ್ತಿದ್ದ ಕಾಲವದು. ವೀರಭದ್ರನಾಯಕನು 1639ರ ಹೊತ್ತಿಗೆ ಇಕ್ಕೇರಿಯನ್ನು ತೊರೆದು ರಾಜಧಾನಿಯನ್ನು ಬಿದನೂರಿಗೆ ಒಯ್ದದ್ದು ಬಿಜಾಪುರದ ದಾಳಿಯ ಕಹಿ ಅನುಭವದಿಂದಲೇ. ಬೆಟ್ಟಗಳ ನಡುವೆ, ದಟ್ಟವಾದ ಕಾನು ಮತ್ತು ಬಿದಿರುಮೆಳೆಗಳ ಒಡಲಿನಲ್ಲಿ, ಕಣಿವೆಗಳ ಬಾಯಿಗೆಲ್ಲ ಉಕ್ಕಡಗಳನ್ನು ಕಟ್ಟಿಸಿಕೊಂಡಿದ್ದ ಆ ನಗರಕ್ಕೆ ಪರರಾಯರ ದಂಡು ನುಗ್ಗಲಾರದೆಂಬ ನಂಬಿಕೆ ಬಹುಕಾಲ ಉಳಿದಿತ್ತು.

ರಂಧ್ರ ಬಿದ್ದದ್ದು ಅರಮನೆಯೊಳಗೆ. ಬಸವಪ್ಪನಾಯಕನು 1755ರಲ್ಲಿ ತೀರಿಕೊಂಡ ಮೇಲೆ ದತ್ತುಪುತ್ರನಾದ ಚೆನ್ನಬಸವಪ್ಪನಾಯಕನ ಹೆಸರಿನಲ್ಲಿ ವೀರಮ್ಮಾಜಿ ಆಳತೊಡಗಿದಳು. ಆ ಹುಡುಗನೂ ಎರಡು ವರ್ಷಗಳೊಳಗೆ ಕಣ್ಮರೆಯಾಗಲು, ಸೋಮಶೇಖರನೆಂಬ ಬಾಲಕನನ್ನು ಪಟ್ಟಕ್ಕೆ ತಂದಳು. ರಾಣಿಯೇ ಹುಡುಗನನ್ನು ಕೊಲ್ಲಿಸಿದಳೆಂಬ ಮಾತನ್ನು, ಅವಳ ಶೀಲದ ಬಗೆಗಿನ ಅಪವಾದಗಳನ್ನೂ ಸೇರಿಸಿ, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸಗ್ರಂಥದಲ್ಲಿ ವಿಸ್ತಾರವಾಗಿ ಬರೆದಿದ್ದಾನೆ. ಸೋತ ರಾಣಿಯ ಮೇಲೆ ಇಂಥ ಕಥೆಗಳು ಹಬ್ಬುವುದರಿಂದ ಗೆದ್ದವರಿಗೆ ಎಷ್ಟು ಅನುಕೂಲವಾಗುವುದೆಂಬುದನ್ನು ನೆನೆದು, ನಾನು ಅವನ್ನು ಅರ್ಧ ಕಿವಿಯಿಂದ ಮಾತ್ರ ಕೇಳುತ್ತೇನೆ. ಅದು ಹೇಗೂ ಇರಲಿ, ತಾನೇ ಆ ಚೆನ್ನಬಸವಪ್ಪನೆಂದೂ ಸಾವಿನಿಂದ ಪಾರಾದೆನೆಂದೂ ಹೇಳಿಕೊಂಡ ಯುವಕನೊಬ್ಬನು ಚಿತ್ರದುರ್ಗದ ಪಾಳೆಯಗಾರನ ಆಶ್ರಯಕ್ಕೆ ಬಂದನು. ಶಿರಾ ಪ್ರಾಂತವನ್ನು ಆಗಷ್ಟೇ ವಶಪಡಿಸಿಕೊಂಡು ಚಿತ್ರದುರ್ಗದ ಕಡೆಗೆ ತಿರುಗಿದ್ದ ಮೈಸೂರಿನ ಹೈದರಾಲಿಗೆ ಅಲ್ಲಿಯೇ ಅವನ ಭೇಟಿಯಾಯಿತು. ನೆರೆರಾಜ್ಯದ ಮೇಲೆ ಏರಿಹೋಗಲು ಇದಕ್ಕಿಂತ ಉತ್ತಮವಾದ ನೆಪ ಬೇಕಿರಲಿಲ್ಲ.

1763ರ ಜನವರಿಯ ಕೊನೆಯಲ್ಲಿ ದಂಡು ಹೊರಟಿತು. ಆರಿಸಿಕೊಂಡ ಋತುವನ್ನು ಗಮನಿಸಬೇಕು: ಮುಂಗಾರು ಹಿಡಿದರೆ ಹಳ್ಳಗಳು ತುಂಬಿ, ದಾರಿಗಳು ಕೆಸರಾಗಿ, ಜಿಗಣೆಯ ಕಾಟದಿಂದ ಮನುಷ್ಯರೂ ದನಗಳೂ ಬಳಲುವ ಈ ಸೀಮೆಯಲ್ಲಿ ಕುದುರೆ ದಂಡೂ ಫಿರಂಗಿಗಳೂ ಚಲಿಸಬಲ್ಲ ಅವಧಿ ಶಿಶಿರದಿಂದ ವಸಂತದವರೆಗಿನ ಒಣದಿನಗಳಷ್ಟೆ. ಶಿವಮೊಗ್ಗೆ ಸುಲಭವಾಗಿ ಕೈಸೇರಿತು. ದಂಡು ಮುಂದುವರಿದಂತೆಲ್ಲ ರಾಣಿಯ ದೂತರು ಎದುರಾಗಿ, ಹಿಂದಿರುಗಿದರೆ ಹೊನ್ನು ಕೊಡುವುದಾಗಿ ಬಿನ್ನವಿಸಿದರು. ವಿಲ್ಕ್ಸ್ ಬರೆದಿರುವಂತೆ ಮೊದಲು 4 ಲಕ್ಷ ವರಹ, ಬಳಿಕ 12 ಲಕ್ಷ, ಕೊನೆಗೆ 18 ಲಕ್ಷ. ಬೊಕ್ಕಸದ ಬಾಯಿಯನ್ನು ಶತ್ರುವಿಗೆ ಹೀಗೆ ಮೆಟ್ಟಲುಮೆಟ್ಟಲಾಗಿ ತೆರೆದು ತೋರಿಸಿದುದು ಆ ಅರಮನೆ ಮಾಡಿದ ಅತ್ಯಂತ ದಾರುಣವಾದ ಪ್ರಮಾದವೆಂದು ನನಗೆ ತೋರುತ್ತದೆ. ಬಾಗಿಲಲ್ಲೇ 18 ಲಕ್ಷ ಕೊಡಬಲ್ಲವರ ಒಳಮನೆಯಲ್ಲಿ ಏನಿರಬಹುದೆಂದು ಹೈದರಾಲಿ ಎಣಿಸದೆ ಇದ್ದಾನೆಯೆ!

ಶಿವಮೊಗ್ಗೆಗೂ ಅನಂತಪುರಕ್ಕೂ ನಡುವಣ ಕುಂಸಿಯಲ್ಲಿ ಇತಿಹಾಸದ ದಿಕ್ಕು ಬದಲಾಯಿತು. ಅಲ್ಲಿಯ ಸೆರೆಯಲ್ಲಿ ಲಿಂಗಣ್ಣನೆಂಬ ಬಿದನೂರಿನ ಹಿಂದಿನ ಪ್ರಧಾನಿ ಕೊಳೆಯುತ್ತಿದ್ದನು. ಹೈದರಾಲಿ ಅವನನ್ನು ಬಿಡಿಸಿ ಬಳಿಗೆ ಕರೆಸಿಕೊಂಡನು. ಬೊಕ್ಕಸದ ಲೆಕ್ಕ, ಕಾವಲುಗಳ ಬಲಾಬಲ, ಅಧಿಕಾರಿಗಳ ಒಳಜಗಳ ಇವೆಲ್ಲಕ್ಕಿಂತ ಮಿಗಿಲಾಗಿ ಲಿಂಗಣ್ಣನಿಗೆ ಒಂದು ಕಾಲುದಾರಿ ತಿಳಿದಿತ್ತು: ಉಕ್ಕಡಗಳೊಂದನ್ನೂ ಮುಟ್ಟದೆ, ಕಾನಿನೊಳಗೇ ಹಾಯ್ದು, ನೇರವಾಗಿ ನಗರದೊಳಕ್ಕೆ ಇಳಿಯುವ ದಾರಿ. ಮಲೆನಾಡಿನಲ್ಲಿ ಹುಟ್ಟಿಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೆದ್ದಾರಿಗೆ ಸುಂಕವುಂಟು, ಕಾವಲುಂಟು. ಆದರೆ ಸೊಪ್ಪು ತರುವವರ, ದನ ಹುಡುಕಿಕೊಂಡು ಹೋಗುವವರ ಸವಕಲು ಜಾಡುಗಳು ಯಾವ ಕಡತದಲ್ಲಿಯೂ ಸೇರದೆ, ಬಲ್ಲವರ ನೆನಪಿನಲ್ಲಿ ಮಾತ್ರ ಉಳಿದಿರುತ್ತವೆ. ಕಾಡೆಂಬ ಕೋಟೆ ಕಾಯುವುದು ಕಾಡಿನ ದಾರಿ ಬಲ್ಲವರು ಒಡೆಯನ ಪಕ್ಷದಲ್ಲಿರುವವರೆಗೆ. ರಾಜ್ಯದ ಮರ್ಮವನ್ನೆಲ್ಲ ಬಲ್ಲ ಮಂತ್ರಿಯನ್ನು ಗಡಿಗೆ ಸಮೀಪವಾದ ಊರಿನ ಸೆರೆಯಲ್ಲಿ ಜೀವಸಹಿತ ಇಟ್ಟು ಮರೆತದ್ದು ಬಿದನೂರಿನ ದೌರ್ಭಾಗ್ಯ.

ಮಾರ್ಚಿನ ಮೊದಲಲ್ಲಿ, ಎದುರಿನ ಉಕ್ಕಡಗಳ ಮೇಲೆ ದೊಡ್ಡ ಗದ್ದಲದೊಡನೆ ಹುಸಿ ಲಗ್ಗೆ ನಡೆಯುತ್ತಿರಲು, ಕಾವಲಿನವರ ಕಣ್ಣೆಲ್ಲ ಅತ್ತಲೇ ನೆಟ್ಟಿರಲು, ಹೈದರಾಲಿ ಸ್ವತಃ ಒಂದು ಪಡೆಯೊಡನೆ ಲಿಂಗಣ್ಣ ತೋರಿದ ಜಾಡು ಹಿಡಿದು ನಗರದೊಳಗೇ ಪ್ರತ್ಯಕ್ಷನಾದನು. ಯುದ್ಧವೆನ್ನುವಂಥದು ನಡೆಯಲೇ ಇಲ್ಲ. ಪುರಜನರು ಮನೆಗಳನ್ನು ಬಿಟ್ಟು ಸುತ್ತಣ ಕಾಡಿಗೆ ಓಡಿದರು. ರಾಣಿ ಅರಮನೆಗೆ ಬೆಂಕಿಯಿಡಲು ಅಪ್ಪಣೆಯಿತ್ತು ತಪ್ಪಿಸಿಕೊಂಡಳು. ಹೈದರಾಲಿಯ ಮೊದಲ ಕೆಲಸ ಉರಿಯನ್ನು ಆರಿಸಿದ್ದು. ಎರಡನೆಯದು, ಸೂರೆಯಾಗದಂತೆ ಸಿರಿವಂತರ ಮನೆಗಳಿಗೆಲ್ಲ ಮುದ್ರೆಯೊತ್ತಿಸಿ ಕಾವಲಿಟ್ಟದ್ದು.

ಮಲೆಯವರು ಇಂಥ ಅನಿರೀಕ್ಷಿತ ಲಗ್ಗೆಯ ವಿದ್ಯೆಯನ್ನು ಅರಿಯದವರಲ್ಲ. ಮೂಡಿಗೆರೆಯ ಅಂಗಡಿಯಿಂದ ಮೇಲೆದ್ದ ಹೊಯ್ಸಳರ ದಂಡನಾಯಕ ಗಂಗರಾಜನು 1118ರ ಸುಮಾರಿಗೆ, ಚಾಲುಕ್ಯ ಚಕ್ರವರ್ತಿಯ ಹನ್ನೆರಡು ಸಾಮಂತರ ಸೇನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿರಲು ಇರುಳಿನಲ್ಲಿ ಮೇಲೆಬಿದ್ದು ಚೆದರಿಸಿದುದನ್ನು ಶ್ರವಣಬೆಳಗೊಳದ ಶಾಸನ ಕೊಂಡಾಡುತ್ತದೆ. ಆರು ಶತಮಾನಗಳ ಮೇಲೆ ಆ ವಿದ್ಯೆ ಬಯಲಿನವರ ಕೈಗೆ ಬಂದಿತ್ತು.

ಬಿದನೂರಿನಿಂದ ಬಲ್ಲಾಳರಾಯನದುರ್ಗಕ್ಕೆ ರಾಣಿ ಯಾವ ಮಾರ್ಗವಾಗಿ ಬಂದಿದ್ದರೂ, ಘಟ್ಟದ ಮೇಲೆಯೇ ಸಾಗಿದ್ದಾದರೆ ತುಂಗೆಯನ್ನೂ ಭದ್ರೆಯನ್ನೂ ದಾಟಿರಲೇಬೇಕು. ಬೇಸಗೆಯಾದುದರಿಂದ ಹೊಳೆಗಳು ಇಳಿದಿದ್ದಿರಬೇಕು. ಶತ್ರುವನ್ನು ಒಳಗೆ ಬಿಟ್ಟ ಋತುವೇ ರಾಣಿಗೂ ದಾರಿಬಿಟ್ಟಿತು. ರಾಜ್ಯದ ದಕ್ಷಿಣಭಾಗದ ಈ ಕೋಟೆಯನ್ನು ಅವಳು ಆರಿಸಿಕೊಂಡದ್ದರಲ್ಲಿ ವಿವೇಕವಿದೆ: ಏರುವುದು ಕಷ್ಟ, ಬೆನ್ನಿಗೆ ಪ್ರಪಾತ, ಕೆಳಗಿಳಿದರೆ ಕರಾವಳಿ. ಆದರೆ ಕರಾವಳಿಗೂ ಹೈದರಾಲಿಯ ಪಡೆಗಳು ಆಗಲೇ ಇಳಿದಿದ್ದವು, ಮಂಗಳೂರು, ಹೊನ್ನಾವರಗಳು ಒಂದರ ಹಿಂದೊಂದು ಬಿದ್ದುವು, ದುರ್ಗವೂ ಉಳಿಯಲಿಲ್ಲ. ಸಮೀಪದ ರಾಣಿಝರಿಯಲ್ಲಿ ರಾಣಿಯೊಬ್ಬಳು ಪ್ರಪಾತಕ್ಕೆ ಹಾರಿದಳೆಂದು ಜನ ಹೇಳುವುದುಂಟು. ಆದರೆ ವೀರಮ್ಮಾಜಿ ಸೋಮಶೇಖರನೊಡನೆ ಜೀವಸಹಿತವಾಗಿಯೇ ಸೆರೆಸಿಕ್ಕಿದಳು.

ಬಿದನೂರಿನಲ್ಲಿ ದೊರೆತ ಸಂಪತ್ತನ್ನು ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡುಗಳೆಂದು ಅಂದಾಜುಮಾಡಿದ್ದಾನೆ. ಅದನ್ನು ಎಷ್ಟೇ ತಗ್ಗಿಸಿ ಎಣಿಸಿದರೂ, ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಅಡಿಪಾಯವೆಂದು ಹೈದರಾಲಿ ಹೇಳುತ್ತಿದ್ದುದರಲ್ಲಿ ಉತ್ಪ್ರೇಕ್ಷೆಯಿಲ್ಲ. ನಗರಕ್ಕೆ ಹೈದರ್‌ನಗರವೆಂದು ಹೆಸರಿಟ್ಟು, ಟಂಕಸಾಲೆ ತೆರೆದು, ಬಹಾದುರಿ ವರಹಗಳನ್ನು ಅಚ್ಚುಹಾಕಿಸಿದನು. ಸಮುದ್ರವಿಲ್ಲದ ಮೈಸೂರಿಗೆ ಮಂಗಳೂರಿನ ಬಂದರು ದಕ್ಕಿತು. ಮುಂದೆ 1830ರ ಅನಂತರ ಈ ಬೆಟ್ಟಗಳಲ್ಲಿ ದೊಡ್ಡ ಕಾಫಿತೋಟಗಳು ಎದ್ದು, ಅವುಗಳ ಫಸಲು ಸಂಸ್ಕರಣೆಗೂ ಹಡಗಿಗೂ ಇಳಿದುಹೋದದ್ದು ಅದೇ ಮಂಗಳೂರಿಗೆ.

ತನ್ನವನೆಂದು ಮೆರೆಸಿದ ಚೆನ್ನಬಸವಪ್ಪನಿಗೆ ಹೈದರಾಲಿ ಪಟ್ಟ ಕಟ್ಟಲಿಲ್ಲ. ಹಕ್ಕುದಾರನನ್ನೂ, ಅವನನ್ನು ಸುಳ್ಳುಗಾರನೆಂದ ರಾಣಿಯನ್ನೂ, ಅವಳು ಪಟ್ಟಕ್ಕೆ ತಂದ ಬಾಲಕನನ್ನೂ ಮಧುಗಿರಿಯ ಒಂದೇ ಕೋಟೆಯಲ್ಲಿ ಸೆರೆಯಿಟ್ಟನು. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ದಂಡು ಮಧುಗಿರಿಯನ್ನು ಗೆದ್ದಾಗ ಅವರಿಗೆ ಬಿಡುಗಡೆಯಾಯಿತು. ವೀರಮ್ಮಾಜಿ ಪುಣೆಯನ್ನು ಸೇರುವ ಮೊದಲೇ, ದಾರಿಯಲ್ಲಿ ತೀರಿಕೊಂಡಳು.