ಹೈಡ್ರಾಲಿಕ್ ಸ್ಟೀರಿಂಗ್ ತೆಗೆದು ಎಲೆಕ್ಟ್ರಿಕ್ ಹಾಕಿಸುವ ಮುನ್ನ

ಕಂಬಂ ಕಣಿವೆಯಿಂದ ಕುಮಿಳಿಗೋ ಬೋಡಿಮೆಟ್ಟಿಗೋ ಹಳೆ ಕಾರು ಹತ್ತಿಸುವವರಿಗೆ ಸ್ಟೀರಿಂಗ್ ಭಾರವಾದರೆ ತಿರುವು ತಿರುವಿಗೂ ಕೈಸೋಲು. ಹೈಡ್ರಾಲಿಕ್ ಪಂಪನ್ನು ಎಂಜಿನ್ ಬೆಲ್ಟ್ ಸದಾ ತಿರುಗಿಸುತ್ತದೆ, ನೇರ ರಸ್ತೆಯಲ್ಲೂ ಇಂಧನ ಖರ್ಚು. ಎಲೆಕ್ಟ್ರಿಕ್ ಮೋಟಾರು ತಿರುಗಿಸುವಾಗ ಮಾತ್ರ ಹೆಚ್ಚು ಕರೆಂಟ್ ಎಳೆಯುತ್ತದೆ. 1988ರಲ್ಲಿ ಸುಜುಕಿ ಸೆರ್ವೋದಲ್ಲಿ ಇದು ಮೊದಲು ಬಂತು.

ಬದಲಾಯಿಸುವವರು ಸಾಮಾನ್ಯವಾಗಿ ಬೇರೆ ಕಾರಿನ ಮೋಟಾರು ಇರುವ ಸ್ಟೀರಿಂಗ್ ಕಾಲಂ ತಂದು ಹಾಕುತ್ತಾರೆ. ಪಂಪ್ ತೆಗೆದರೆ ಹಳೆ ರ‍್ಯಾಕ್‌ನ ಎಣ್ಣೆ ದಾರಿಗಳನ್ನು ಹಾಗೇ ಮುಚ್ಚಬಾರದು, ಒಳಗಿನ ಎಣ್ಣೆ ಸಿಕ್ಕಿ ಸ್ಟೀರಿಂಗ್ ಬಿಗಿಯಾಗುತ್ತದೆ. ಸಾಧಾರಣ ರ‍್ಯಾಕ್ ಹಾಕುವುದೇ ಮೇಲು. ಮೋಟಾರಿಗೆ ಬ್ಯಾಟರಿಯಿಂದ ದಪ್ಪ ವೈರು, ಪ್ರತ್ಯೇಕ ಫ್ಯೂಸ್ ಬೇಕು. ವೇಗದ ಸಿಗ್ನಲ್ ಸಿಗದಿದ್ದರೆ ವೇಗಕ್ಕೆ ತಕ್ಕಂತೆ ನೆರವು ಹೆಚ್ಚುಕಡಿಮೆ ಆಗದು.

ಶಾಫ್ಟ್ ಕತ್ತರಿಸಿ ಬೆಸುಗೆ ಹಾಕುವುದೇ ಅತಿ ಅಪಾಯದ ಕೆಲಸ. ಬೆಸುಗೆ ಬಿಟ್ಟರೆ ಘಾಟಿಯಲ್ಲಿ ಚಕ್ರಗಳ ಮೇಲೆ ಹಿಡಿತವೇ ಇರದು. ಮೋಟಾರು ಕೆಟ್ಟರೆ ಸ್ಟೀರಿಂಗ್ ಭಾರವಾಗುತ್ತದೆ, ಅಷ್ಟೆ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ವಾಹನ ಮಾರ್ಪಾಡಿಗೆ ಮಿತಿ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಟಿಎನ್ 60 ಗಾಡಿಯವರು ತೇನಿ, ಟಿಎನ್ 57 ಗಾಡಿಯವರು ದಿಂಡಿಗಲ್ ಆರ್‌ಟಿಓ ಕಚೇರಿಯಲ್ಲಿ, ಜತೆಗೆ ವಿಮೆ ಕಂಪನಿಯಲ್ಲಿ, ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ಖಾಲಿ ಮೈದಾನದಲ್ಲಿ ನಿಧಾನವಾಗಿ, ಫ್ಯೂಸ್ ತೆಗೆದೂ ಓಡಿಸಿ ನೋಡಿ, ಆಮೇಲೆ ಘಾಟಿಗೆ ಹೊರಡಬೇಕು.