ಕನ್ನಡ ಹಿಪ್ ಹಾಪ್ ಸಂಗೀತ ನಿರ್ಮಾಣ ಶೈಲಿ

ಕನ್ನಡ ಹಿಪ್ ಹಾಪ್ ಸಂಗೀತ ನಿರ್ಮಾಣ ಶೈಲಿ ಎಂಬುದು ಕನ್ನಡದ ರ‍್ಯಾಪ್ ಹಾಡುಗಳಿಗೆ ಬೇಕಾದ ತಾಳ, ನಾದ ಮತ್ತು ಹಿನ್ನೆಲೆ ಸಂಗೀತವನ್ನು ರೂಪಿಸುವ ವಿಧಾನ. ರ‍್ಯಾಪ್ ಹಾಡಿನಲ್ಲಿ ಸಾಹಿತ್ಯ ಮತ್ತು ಉಚ್ಚಾರಣೆಯಷ್ಟೇ ಮಹತ್ವ ಈ ನಿರ್ಮಾಣಕ್ಕೂ ಇದೆ. ಒಬ್ಬ ಸಂಗೀತಗಾರನ ಶೈಲಿ ಕಾಲಕ್ರಮದಲ್ಲಿ ಬದಲಾದಾಗ ಅಭಿಮಾನಿಗಳ ನಡುವೆ ವಾದವಿವಾದಗಳು ಏಳುವುದು ಹಿಪ್ ಹಾಪ್ ಸಂಸ್ಕೃತಿಯ ಒಂದು ಸಾಮಾನ್ಯ ಲಕ್ಷಣ. ಕನ್ನಡದಲ್ಲಿ ಈ ಚರ್ಚೆಯು ಜನಪದ ಹಾಡುಗಳ ಬಳಕೆ, ಪ್ರಾದೇಶಿಕ ಆಡುನುಡಿ ಮತ್ತು ಭಕ್ತಿಪರಂಪರೆಯ ಗೌರವ ಎಂಬ ಪ್ರಶ್ನೆಗಳೊಂದಿಗೆ ಹೆಣೆದುಕೊಂಡಿದೆ. 2020ರಲ್ಲಿ ಚಂದನ್ ಶೆಟ್ಟಿಯವರ 'ಕೋಲುಮಂಡೆ' ಹಾಡಿನ ಸುತ್ತ ನಡೆದ ವಿವಾದ ಇದಕ್ಕೆ ಪ್ರಮುಖ ಉದಾಹರಣೆ.

ಪದದ ಅರ್ಥ

ಕನ್ನಡ ಚಲನಚಿತ್ರರಂಗದಲ್ಲಿ 'ನಿರ್ಮಾಪಕ' ಎಂದರೆ ಬಂಡವಾಳ ಹೂಡುವವನು. ಹಿಪ್ ಹಾಪ್‌ನಲ್ಲಿ 'ಪ್ರೊಡ್ಯೂಸರ್' ಎಂಬ ಮಾತಿಗೆ ಬೇರೆಯೇ ಅರ್ಥವಿದೆ. ಹಾಡಿನ 'ಬೀಟ್' ಎಂದು ಕರೆಯಲಾಗುವ ತಾಳ ಮತ್ತು ಸ್ವರಗಳ ಸಮಗ್ರ ಹಂದರವನ್ನು ಕಟ್ಟುವವನೇ ಇಲ್ಲಿ ಪ್ರೊಡ್ಯೂಸರ್. ಚಿತ್ರಸಂಗೀತದಲ್ಲಿ ಸಂಗೀತ ನಿರ್ದೇಶಕ, ವಾದ್ಯ ಸಂಯೋಜಕ ಹಾಗೂ ಕೀಬೋರ್ಡ್ ಪ್ರೋಗ್ರಾಮರ್ ಹಂಚಿಕೊಂಡು ಮಾಡುವ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಒಬ್ಬನೇ ನಿರ್ವಹಿಸುತ್ತಾನೆ. ಆದ್ದರಿಂದಲೇ ಕೇಳುಗರು ಗಾಯಕನ ಧ್ವನಿಯನ್ನು ಗುರುತಿಸುವಂತೆ ಪ್ರೊಡ್ಯೂಸರ್‌ನ ಡ್ರಮ್ಮಿನ ನಾದವನ್ನೂ ಗುರುತಿಸುತ್ತಾರೆ. ಅದು ಬದಲಾದರೆ ಹಾಡುಗಾರನೇ ಬದಲಾದನೆಂದು ಭಾವಿಸುವವರೂ ಇದ್ದಾರೆ.

ಜಾಗತಿಕ ಹಿನ್ನೆಲೆ

ಹಿಪ್ ಹಾಪ್ ಸಂಸ್ಕೃತಿಯ ಆರಂಭವನ್ನು ಸಾಮಾನ್ಯವಾಗಿ 1973ರ ಆಗಸ್ಟ್ 11ಕ್ಕೆ ಗುರುತಿಸಲಾಗುತ್ತದೆ. ಅಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಪ್ರದೇಶದಲ್ಲಿ ನಡೆದ ಸಂತೋಷಕೂಟವೊಂದರಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದರು. ಎರಡು ಗ್ರಾಮಫೋನ್ ತಟ್ಟೆಗಳನ್ನು ಬಳಸಿ, ಹಾಡಿನಲ್ಲಿ ತಾಳವಾದ್ಯ ಮಾತ್ರ ಕೇಳಿಬರುವ ಭಾಗವನ್ನು ಮತ್ತೆ ಮತ್ತೆ ನುಡಿಸುವುದು ಅವರ ವಿಧಾನವಾಗಿತ್ತು. 1980ರಲ್ಲಿ ಮಾರುಕಟ್ಟೆಗೆ ಬಂದ ರೋಲ್ಯಾಂಡ್ ಟಿಆರ್-808 ಎಂಬ ತಾಳಯಂತ್ರ ಹಾಗೂ 1988ರ ಅಕಾಯ್ ಎಂಪಿಸಿ-60 ಎಂಬ ಸ್ಯಾಂಪ್ಲರ್ ಯಂತ್ರ ಈ ಕಲೆಯ ಸ್ವರೂಪವನ್ನೇ ಬದಲಿಸಿದವು. ಹಳೆಯ ಧ್ವನಿಮುದ್ರಿಕೆಯ ತುಣುಕೊಂದನ್ನು ತೆಗೆದು ಹೊಸ ಹಾಡಿನಲ್ಲಿ ಕೂಡಿಸುವುದಕ್ಕೆ 'ಸ್ಯಾಂಪ್ಲಿಂಗ್' ಎಂದು ಹೆಸರು. 1991ರಲ್ಲಿ ಅಮೆರಿಕದ ನ್ಯಾಯಾಲಯವೊಂದು ರ‍್ಯಾಪ್ ಗಾಯಕ ಬಿಜ್ ಮಾರ್ಕಿಯವರ ಹಾಡಿನ ಪ್ರಕರಣದಲ್ಲಿ ನೀಡಿದ ತೀರ್ಪಿನ ಬಳಿಕ, ಇಂತಹ ತುಣುಕುಗಳಿಗೆ ಮೂಲ ಹಕ್ಕುದಾರರ ಅನುಮತಿ ಪಡೆಯುವುದು ವಾಡಿಕೆಯಾಯಿತು.

ಶೈಲಿಯ ಬದಲಾವಣೆ ಕುರಿತ ಅಭಿಮಾನಿಗಳ ಚರ್ಚೆಗೆ ಕಾನ್ಯೆ ವೆಸ್ಟ್ ಅವರ ವೃತ್ತಿಜೀವನವನ್ನು ಹೆಚ್ಚಾಗಿ ಉದಾಹರಿಸಲಾಗುತ್ತದೆ. 2004ರ 'ದಿ ಕಾಲೇಜ್ ಡ್ರಾಪ್‌ಔಟ್' ಸಂಕಲನದಲ್ಲಿ ಹಳೆಯ ಸೋಲ್ ಹಾಡುಗಳ ಸ್ಥಾಯಿಯನ್ನು ಏರಿಸಿ ಬಳಸಿದ್ದ ಅವರು, 2008ರ '808ಸ್ ಅಂಡ್ ಹಾರ್ಟ್‌ಬ್ರೇಕ್' ಸಂಕಲನದಲ್ಲಿ ತಾಳಯಂತ್ರ ಮತ್ತು ಆಟೋಟ್ಯೂನ್ ಧ್ವನಿಯತ್ತ ಹೊರಳಿದರು. 2013ರ 'ಯೀಜಸ್' ಸಂಕಲನದಲ್ಲಿ ಕರ್ಕಶವೆನಿಸುವ ವಿದ್ಯುನ್ಮಾನ ನಾದಗಳನ್ನು ಆರಿಸಿಕೊಂಡರು. 'ಹಳೆಯ ಕಾನ್ಯೆ'ಯೇ ಬೇಕೆಂಬ ಅಭಿಮಾನಿಗಳ ಹಂಬಲ ಎಷ್ಟು ಪ್ರಬಲವಾಗಿತ್ತೆಂದರೆ, 2016ರ ಸಂಕಲನದಲ್ಲಿ ಅವರು ಅದನ್ನೇ ವಸ್ತುವಾಗಿಸಿಕೊಂಡು ಕಿರುಹಾಡೊಂದನ್ನು ಸೇರಿಸಿದರು.

ಉತ್ತರ ಕರ್ನಾಟಕದ ಪೂರ್ವರೂಪಗಳು

ತಾಳಕ್ಕೆ ಮಾತು ಕೂಡಿಸಿ ಎದುರಾಳಿಗೆ ಸವಾಲು ಹಾಕುವ ಪದ್ಧತಿ ಕರ್ನಾಟಕಕ್ಕೆ ಹೊಸತಲ್ಲ. ಉತ್ತರ ಕರ್ನಾಟಕದ ಗೀಗೀ ಮತ್ತು ಲಾವಣಿ ಮೇಳಗಳಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳಿದ್ದು, ಒಂದು ಗಂಡಿನ ಹಿರಿಮೆಯನ್ನೂ ಮತ್ತೊಂದು ಹೆಣ್ಣಿನ ಹಿರಿಮೆಯನ್ನೂ ಎತ್ತಿ ಹಿಡಿಯುತ್ತವೆ. ದಪ್ಪು, ತುಂತುಣಿ ಮತ್ತು ತಾಳಗಳ ಹಿಮ್ಮೇಳದಲ್ಲಿ ಸವಾಲ್-ಜವಾಬ್ ರೂಪದಲ್ಲಿ ರಾತ್ರಿಯಿಡೀ ನಡೆಯುವ ಈ ಸ್ಪರ್ಧೆಗಳಲ್ಲಿ ಶ್ರೋತೃಗಳೇ ತೀರ್ಪುಗಾರರು. ರ‍್ಯಾಪ್‌ನ ವಾಗ್ಯುದ್ಧಕ್ಕೂ ಇದಕ್ಕೂ ಐತಿಹಾಸಿಕ ಸಂಬಂಧವಿಲ್ಲದಿದ್ದರೂ ರಚನೆಯಲ್ಲಿ ಸ್ಪಷ್ಟ ಹೋಲಿಕೆಯಿದೆ.

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯಲ್ಲಿ ಡೊಳ್ಳಿನ ಪದ, ಹಂತಿ ಪದ, ಬಯಲಾಟ ಹಾಗೂ ಮೊಹರಂ ಸಂದರ್ಭದ ರಿವಾಯತ್ ಪದಗಳು ಊರಿನ ಬದುಕಿನ ಭಾಗವಾಗಿವೆ. ಮೊಹರಂ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂಗಳೂ ಮುಸ್ಲಿಮರೂ ಕೂಡಿ ಹಲಗೆಯ ಗತ್ತಿಗೆ ಹೆಜ್ಜೆ ಹಾಕುತ್ತಾರೆ. ಈ ಭಾಗದ ಕೇಳುಗನಿಗೆ ತಾಳವಾದ್ಯವೇ ಮುಂದಾಗಿರುವ, ಮಾತು ಅದರ ಮೇಲೆ ಸವಾರಿ ಮಾಡುವ ಸಂಗೀತವು ಅಪರಿಚಿತವಲ್ಲ.

ಕ್ಯಾಸೆಟ್ಟುಗಳ ಕಾಲದಲ್ಲಿ ಗುರುರಾಜ ಹೊಸಕೋಟೆಯವರಂತಹ ಗಾಯಕರು ಉತ್ತರ ಕರ್ನಾಟಕದ ಜನಪದ ಶೈಲಿಯ ಹಾಡುಗಳನ್ನು ಮನೆಮನೆಗೆ ತಲುಪಿಸಿದರು. ಅನಂತರ ಮೊಬೈಲ್ ಫೋನ್ ಮತ್ತು ಯೂಟ್ಯೂಬ್‌ಗಳ ಮೂಲಕ 'ಜನಪದ ಡಿಜೆ' ಎಂಬ ಹೊಸ ಪ್ರಕಾರ ಬೆಳೆಯಿತು. ಇದರಲ್ಲಿ ಜವಾರಿ ಮಾತಿನ ಹಾಡಿಗೆ ಕೀಬೋರ್ಡ್, ರಿದಮ್ ಪ್ಯಾಡ್ ಹಾಗೂ ಭಾರವಾದ ಬೇಸ್ ನಾದವನ್ನು ಕೂಡಿಸಲಾಗುತ್ತದೆ. ಗಣೇಶ ವಿಸರ್ಜನೆ, ಮದುವೆ ಮೆರವಣಿಗೆ ಮತ್ತು ಜಾತ್ರೆಗಳಲ್ಲಿ ಇವು ಕೇಳಿಬರುತ್ತವೆ. ಇಂತಹ ಮೆರವಣಿಗೆಗಳಲ್ಲಿ ಮೊದಲು ಹಲಗೆ ಮತ್ತು ಡೊಳ್ಳಿನ ಮೇಳಗಳಿಗೆ ಸಿಗುತ್ತಿದ್ದ ವೀಳ್ಯ ಧ್ವನಿಪೆಟ್ಟಿಗೆಗಳ ಪಾಲಾಗುತ್ತಿದೆ ಎಂಬುದು ಹಿರಿಯ ಕೇಳುಗರ ಆಕ್ಷೇಪ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳ ಬಳಕೆಗೆ ನಿರ್ಬಂಧವಿದ್ದು, ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್ ಆಗಿದೆ.

ಕನ್ನಡದಲ್ಲಿ ಬೆಳವಣಿಗೆ

ಭಾರತದಲ್ಲಿ 1990ರ ದಶಕದ ಆರಂಭದಲ್ಲಿ ಬಾಬಾ ಸೆಹಗಲ್ ಅವರ ಹಿಂದಿ ಹಾಡುಗಳು ಮತ್ತು 1994ರ ತಮಿಳು ಚಿತ್ರ 'ಕಾದಲನ್'ಗಾಗಿ ಎ.ಆರ್. ರೆಹಮಾನ್ ಸಂಯೋಜಿಸಿದ 'ಪೇಟ್ಟೈ ರ‍್ಯಾಪ್' ಈ ಪ್ರಕಾರವನ್ನು ಜನಸಾಮಾನ್ಯರಿಗೆ ಪರಿಚಯಿಸಿದವು. ಬೆಂಗಳೂರಿನಲ್ಲಿ ಇಂಗ್ಲಿಷ್ ಮತ್ತು ಕನ್ನಡ ರ‍್ಯಾಪ್ ಜೊತೆಜೊತೆಯಾಗಿ ಬೆಳೆದವು. ಬ್ರೋಧಾ ವಿ ಅವರ 'ಆತ್ಮ ರಾಮ' (2012) ಇಂಗ್ಲಿಷ್ ರ‍್ಯಾಪ್‌ಗೆ ಭಜನೆಯ ಧಾಟಿಯನ್ನು ಜೋಡಿಸಿ ಗಮನ ಸೆಳೆಯಿತು. ಕನ್ನಡದಲ್ಲಿ 'ಆಲ್ ಓಕೆ' ಎಂದು ಹೆಸರಾದ ಅಲೋಕ್ ಹಾಗೂ ಚಂದನ್ ಶೆಟ್ಟಿ ಚಿತ್ರರಂಗದ ಹೊರಗೂ ಸ್ವತಂತ್ರ ಹಾಡುಗಳಿಗೆ ಮಾರುಕಟ್ಟೆಯಿದೆಯೆಂದು ತೋರಿಸಿದರು.

ಚಿತ್ರಸಂಗೀತದಲ್ಲಿ ಚರಣ್ ರಾಜ್ ಅವರ ಕೆಲಸ ಉಲ್ಲೇಖನೀಯ. 'ಟಗರು' (2018) ಚಿತ್ರದಲ್ಲಿ ಜನಪದ ಕಂಠವನ್ನೂ ವಿದ್ಯುನ್ಮಾನ ತಾಳವನ್ನೂ ಒಟ್ಟಿಗೆ ತಂದ ಅವರು, 'ಸಲಗ' (2021) ಚಿತ್ರದ 'ಟಿಣಿಂಗ ಮಿಣಿಂಗ ಟಿಶ್ಯಾ' ಹಾಡಿನಲ್ಲಿ ಸಿದ್ದಿ ಸಮುದಾಯದ ಗಾಯಕಿಯರ ಧ್ವನಿಯನ್ನು ಮುನ್ನೆಲೆಗೆ ತಂದರು. 2023ರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರಕ್ಕೆ ಅವರು ನೀಡಿದ್ದು ಇದಕ್ಕೆ ತೀರ ಭಿನ್ನವಾದ, ಮೆಲುದನಿಯ ಸಂಗೀತ. ಬೆಂಗಳೂರಿನೊಂದಿಗೆ ನಂಟಿರುವ ರ‍್ಯಾಪರ್ ಹನುಮಾನ್‌ಕೈಂಡ್ ಮತ್ತು ಪ್ರೊಡ್ಯೂಸರ್ ಕಲ್ಮಿ ಅವರ 'ಬಿಗ್ ಡಾಗ್ಸ್' (2024) ವಿಶ್ವದ ಗಮನ ಸೆಳೆದ ಮರುವರ್ಷ, ಅದೇ ಜೋಡಿಯ 'ರನ್ ಇಟ್ ಅಪ್' ಹಾಡು ಕೇರಳದ ಚೆಂಡೆಯ ನಾದವನ್ನು ಆಧರಿಸಿ ಬಂದಿತು.

ಚಂದನ್ ಶೆಟ್ಟಿ ಮತ್ತು ಶೈಲಿಯ ಪಲ್ಲಟ

ಹಾಸನ ಜಿಲ್ಲೆಯವರಾದ ಚಂದನ್ ಶೆಟ್ಟಿ ಆರಂಭದಲ್ಲಿ ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರೊಂದಿಗೆ ಕೆಲಸ ಮಾಡಿದರು. '3 ಪೆಗ್' ಎಂಬ ಸ್ವತಂತ್ರ ಹಾಡು ಅವರಿಗೆ ವ್ಯಾಪಕ ಜನಪ್ರಿಯತೆ ತಂದಿತು. 2018ರ ಜನವರಿಯಲ್ಲಿ ಅವರು ಬಿಗ್ ಬಾಸ್ ಕನ್ನಡದ ಐದನೆಯ ಆವೃತ್ತಿಯ ವಿಜೇತರಾದರು. ಈ ಹಂತದ ಹಾಡುಗಳು ಸಂತೋಷಕೂಟದ ವಸ್ತು, ಸರಳವಾದ ವಿದ್ಯುನ್ಮಾನ ತಾಳ ಮತ್ತು ಸುಲಭವಾಗಿ ನೆನಪಿನಲ್ಲಿ ಉಳಿಯುವ ಪಲ್ಲವಿಗಳನ್ನು ನೆಚ್ಚಿದ್ದವು. 'ಪೊಗರು' ಚಿತ್ರದ, 2020ರಲ್ಲಿ ಬಿಡುಗಡೆಯಾದ 'ಕರಾಬು' ಹಾಡಿನ ಮೂಲಕ ಅವರು ದೊಡ್ಡ ಪ್ರಮಾಣದ ಚಿತ್ರಸಂಗೀತದಲ್ಲೂ ಯಶಸ್ಸು ಕಂಡರು. ಅದೇ ವರ್ಷ ಅವರು ಜನಪದ ಭಕ್ತಿಗೀತೆಯೊಂದನ್ನು ಹೊಸ ತಾಳಕ್ಕೆ ಒಗ್ಗಿಸುವ ಪ್ರಯೋಗಕ್ಕೆ ಕೈಹಾಕಿದರು.

'ಕೋಲುಮಂಡೆ' ವಿವಾದ

'ಕೋಲುಮಂಡೆ ಜಂಗಮ' ಎಂಬುದು ಮಲೆಯ ಮಾದೇಶ್ವರ ಪರಂಪರೆಯ ಪ್ರಸಿದ್ಧ ಹಾಡು. ದೇವರಗುಡ್ಡರು ಮತ್ತು ಕಂಸಾಳೆಯವರು ತಲೆತಲಾಂತರದಿಂದ ಹಾಡಿಕೊಂಡು ಬಂದಿರುವ ಮಾದೇಶ್ವರ ಕಾವ್ಯದಲ್ಲಿ ಸೋಲಿಗರ ಸಂಕಮ್ಮನ ಪ್ರಸಂಗಕ್ಕೆ ವಿಶೇಷ ಸ್ಥಾನವಿದೆ. ಟಿ.ಎಸ್. ನಾಗಾಭರಣ ನಿರ್ದೇಶನದ 'ಜನುಮದ ಜೋಡಿ' (1996) ಚಿತ್ರದಲ್ಲಿ ವಿ. ಮನೋಹರ್ ಸಂಗೀತಕ್ಕೆ ಎಲ್.ಎನ್. ಶಾಸ್ತ್ರಿ ಇದನ್ನು ಹಾಡಿದ್ದು, ಹಾಡು ನಾಡಿನಾದ್ಯಂತ ಮನೆಮಾತಾಗಿತ್ತು.

2020ರ ಆಗಸ್ಟ್‌ನಲ್ಲಿ ಚಂದನ್ ಶೆಟ್ಟಿಯವರ ಆವೃತ್ತಿಯ ವಿಡಿಯೊ ಬಿಡುಗಡೆಯಾಯಿತು. ಅದರಲ್ಲಿ ಸಂಕಮ್ಮನ ಪಾತ್ರವನ್ನು ತೋರಿಸಿದ ಬಗೆ ಅಶ್ಲೀಲವಾಗಿದೆಯೆಂದು ಮಾದೇಶ್ವರನ ಭಕ್ತರು ಪ್ರತಿಭಟಿಸಿದರು. ಚಂದನ್ ಶೆಟ್ಟಿ ಕ್ಷಮೆ ಯಾಚಿಸಿದರು ಮತ್ತು ವಿಡಿಯೊವನ್ನು ಯೂಟ್ಯೂಬ್‌ನಿಂದ ಹಿಂಪಡೆಯಲಾಯಿತು.

ಈ ಪ್ರಕರಣದಲ್ಲಿ ಎರಡು ಪ್ರಶ್ನೆಗಳು ಬೆರೆತಿದ್ದವು. ಮೊದಲನೆಯದು, ಜನಪದ ಭಕ್ತಿಗೀತೆಗೆ ಹಿಪ್ ಹಾಪ್ ತಾಳ ಹೊಂದುತ್ತದೆಯೇ ಎಂಬುದು. ಎರಡನೆಯದು, ಪೂಜ್ಯ ಪಾತ್ರವೊಂದನ್ನು ದೃಶ್ಯದಲ್ಲಿ ಹೇಗೆ ತೋರಿಸಬೇಕೆಂಬುದು. ಭಕ್ತರ ಪ್ರತಿಭಟನೆಯ ಕೇಂದ್ರದಲ್ಲಿದ್ದುದು ಎರಡನೆಯ ಪ್ರಶ್ನೆ. ಒಂದೇ ಹಾಡು ಕಂಸಾಳೆಯಿಂದ ಚಲನಚಿತ್ರಕ್ಕೆ, ಅಲ್ಲಿಂದ ತಾಳಯಂತ್ರಕ್ಕೆ ಸಾಗಿಬಂದಿರುವುದನ್ನು ನೋಡಿದರೆ, ಧಾಟಿಯ ಬದಲಾವಣೆ ಮತ್ತು ಪಾತ್ರದ ಗೌರವ ಇವನ್ನು ಬೇರೆಬೇರೆಯಾಗಿ ಪರಿಶೀಲಿಸಬೇಕಾಗುತ್ತದೆ.

ಅಭಿಮಾನಿಗಳ ವಾದಗಳು

ಶೈಲಿಯ ಬದಲಾವಣೆ ಕುರಿತ ಚರ್ಚೆಗಳಲ್ಲಿ ಮುಖ್ಯವಾಗಿ ಮೂರು ನಿಲುವುಗಳು ಕಂಡುಬರುತ್ತವೆ.

ಮೂಲನಿಷ್ಠ ನಿಲುವು: ಕಲಾವಿದನನ್ನು ಜನ ಮೆಚ್ಚಿದ್ದು ಯಾವ ನಾದಕ್ಕಾಗಿಯೋ ಅದನ್ನು ಬಿಟ್ಟುಕೊಡುವುದು ಮಾರುಕಟ್ಟೆಗೆ ಮಣಿದಂತೆ ಎಂಬುದು ಇದರ ಸಾರ. ಸ್ವತಂತ್ರ ಹಾಡುಗಳಿಂದ ಚಿತ್ರಸಂಗೀತಕ್ಕೆ ಹೋದವರ ಮೇಲೆ ಈ ಆಕ್ಷೇಪ ಹೆಚ್ಚು.

ವಿಕಾಸದ ನಿಲುವು: ಹಿಪ್ ಹಾಪ್ ಹುಟ್ಟಿದ್ದೇ ಹಳೆಯ ಹಾಡನ್ನು ಮುರಿದು ಕಟ್ಟುವುದರಿಂದ. ಆದ್ದರಿಂದ ಒಂದೇ ಬಗೆಯ ಬೀಟನ್ನು ಮತ್ತೆ ಮತ್ತೆ ಕೊಡುವುದೇ ಆ ಕಲೆಗೆ ಮಾಡುವ ದ್ರೋಹ ಎಂದು ಈ ಪಕ್ಷದವರು ವಾದಿಸುತ್ತಾರೆ.

ಪ್ರಾದೇಶಿಕ ನಿಲುವು: ತಾಳ ಯಾವುದೇ ಇರಲಿ, ಮಾತು ಯಾರದು ಎಂಬುದೇ ಇದರ ಪ್ರಶ್ನೆ. ಕನ್ನಡ ರ‍್ಯಾಪ್‌ನ ಬಹುಭಾಗ ಬೆಂಗಳೂರಿನ ಆಡುನುಡಿಯಲ್ಲಿದೆ. ಬೀಟ್‌ಗಳೂ ಆ ನುಡಿಯ ನಡಿಗೆಗೇ ಹೊಂದಿಕೊಂಡಿವೆ. 'ಮಾಡ್ತಿದೀನಿ' ಎಂಬ ಬೆಂಗಳೂರಿನ ರೂಪಕ್ಕೆ ಆರು ಮಾತ್ರೆಗಳಾದರೆ, ಕೊಪ್ಪಳ ಸೀಮೆಯ 'ಮಾಡಾಕತ್ತೀನಿ' ಎಂಬ ರೂಪಕ್ಕೆ ಒಂಬತ್ತು ಮಾತ್ರೆಗಳು. ಒಂದಕ್ಕೆಂದು ಕಟ್ಟಿದ ಬೀಟಿನಲ್ಲಿ ಇನ್ನೊಂದು ಸಲೀಸಾಗಿ ಕೂರುವುದಿಲ್ಲ. ಹೀಗಾಗಿ ಉತ್ತರ ಕರ್ನಾಟಕದ ನುಡಿಯು ಚಿತ್ರಗೀತೆಗಳಲ್ಲಿ ಹಲವು ವೇಳೆ ಹಾಸ್ಯಕ್ಕೆ ಸೀಮಿತವಾಗಿದೆ ಎಂಬ ಅಸಮಾಧಾನವಿದೆ. ಆ ನುಡಿಯ ಗತ್ತಿಗೆ ತಕ್ಕ ನಿರ್ಮಾಣವನ್ನು ಜನಪದ ಡಿಜೆ ಹಾಡುಗಳೇ ಮೊದಲು ಒದಗಿಸಿದವೆಂದು ಅವುಗಳ ಅಭಿಮಾನಿಗಳು ಹೇಳುತ್ತಾರೆ.

ಹಕ್ಕುಸ್ವಾಮ್ಯದ ಪ್ರಶ್ನೆ

ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಧ್ವನಿಮುದ್ರಿಕೆಯೊಂದರ ತುಣುಕನ್ನು ಬಳಸಲು ಹಕ್ಕುದಾರರ ಅನುಮತಿ ಬೇಕು. 2012ರ ತಿದ್ದುಪಡಿಯಂತೆ, ಹಳೆಯ ಹಾಡಿನ ಹೊಸ ಆವೃತ್ತಿಯನ್ನು ಶಾಸನಬದ್ಧ ಪರವಾನಗಿಯಡಿ ಹೊರತರಬೇಕಾದರೆ ಮೊದಲ ಮುದ್ರಣದ ನಂತರ ಐದು ವರ್ಷ ಕಳೆದಿರಬೇಕು. ಆದರೆ ಕರ್ತೃ ಯಾರೆಂದು ತಿಳಿಯದ ಜನಪದ ಹಾಡುಗಳಿಗೆ ಈ ಕಾಯ್ದೆಯಲ್ಲಿ ಪ್ರತ್ಯೇಕ ರಕ್ಷಣೆಯಿಲ್ಲ. ಯುನೆಸ್ಕೊ ಮತ್ತು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಗಳು 1982ರಲ್ಲಿ ಜನಪದ ಅಭಿವ್ಯಕ್ತಿಗಳ ರಕ್ಷಣೆಗಾಗಿ ಮಾದರಿ ನಿಯಮಗಳನ್ನು ರೂಪಿಸಿದ್ದವು. ಅವು ಸದಸ್ಯ ರಾಷ್ಟ್ರಗಳನ್ನು ಕಟ್ಟಿಹಾಕುವ ಕಾನೂನುಗಳಲ್ಲ. ಪರಿಣಾಮವಾಗಿ, ಡೊಳ್ಳಿನ ಪದವನ್ನೋ ರಿವಾಯತ್ ಪದವನ್ನೋ ಆಧರಿಸಿದ ಹೊಸ ಹಾಡಿನ ಆದಾಯದಲ್ಲಿ ಅದನ್ನು ಉಳಿಸಿಕೊಂಡು ಬಂದ ಮೇಳಕ್ಕೆ ಪಾಲು ಸಿಗಬೇಕೆಂಬ ಕಡ್ಡಾಯವಿಲ್ಲ. ಹಾಡಿನ ಮಾಹಿತಿಯಲ್ಲಿ 'ಜನಪದ' ಎಂಬ ಒಂದೇ ಪದ ನಮೂದಾಗುವುದೇ ಹೆಚ್ಚು. ಮೇಳದ ಹೆಸರನ್ನೂ ಊರನ್ನೂ ನಮೂದಿಸುವುದು, ಮೂಲ ಗಾಯಕರನ್ನೇ ಧ್ವನಿಮುದ್ರಣಕ್ಕೆ ಕರೆಸಿ ಸಂಭಾವನೆ ನೀಡುವುದು ಪ್ರೊಡ್ಯೂಸರ್‌ನ ವಿವೇಚನೆಗೆ ಬಿಟ್ಟ ವಿಷಯವಾಗಿ ಉಳಿದಿದೆ.

ಇವನ್ನೂ ನೋಡಿ

ಗೀಗೀ ಪದ
ಲಾವಣಿ
ಕಂಸಾಳೆ
ಮಲೆಯ ಮಾದೇಶ್ವರ
ಕೊಪ್ಪಳ ಜಿಲ್ಲೆ
ಡೊಳ್ಳು ಕುಣಿತ