ಆಶಯಗಳ ಮರುಹುಟ್ಟು: ಹಳೆಯ ಜನಪ್ರಿಯ ಕಾದಂಬರಿಗಳಲ್ಲಿ ಜನಪದ ಕಥನ

ಪತ್ತೇದಾರಿ, ವೈಜ್ಞಾನಿಕ ಹಾಗೂ ರೋಮಾಂಚಕ ಕಾದಂಬರಿಗಳನ್ನು ಆಧುನಿಕ ನಗರ, ಮುದ್ರಣಯಂತ್ರ ಮತ್ತು ವಿಜ್ಞಾನಗಳ ಕೂಸುಗಳೆಂದು ಪರಿಗಣಿಸುವುದು ವಾಡಿಕೆ. ಮೌಖಿಕ ಪರಂಪರೆಯನ್ನು ಅರಸಿ ಹೊರಟ ಜಾನಪದ ಅಧ್ಯಯನವು ಸಾಮಾನ್ಯವಾಗಿ ಇವುಗಳತ್ತ ನೋಡುವುದಿಲ್ಲ. ಒಂದು ವರ್ಷ ಕಾಲ ಈ ಪ್ರಕಾರಗಳ ಹಳೆಯ ಇಂಗ್ಲಿಷ್ ಕೃತಿಗಳನ್ನು ಕ್ರಮವಾಗಿ ಓದಿದಾಗ, ಈ ಗಡಿರೇಖೆಯು ಮರುಪರಿಶೀಲನೆಗೆ ಅರ್ಹವೆಂಬುದು ನನಗೆ ಮನವರಿಕೆಯಾಯಿತು. ಇಲ್ಲಿ ಮೂರು ಕೃತಿಗಳನ್ನು ಮಾತ್ರ ಪರಿಶೀಲಿಸಲಾಗಿದೆ.

ಆರ್ಥರ್ ಕಾನನ್ ಡಾಯ್ಲ್ ಅವರ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ 1901–02ರಲ್ಲಿ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಇಂಗ್ಲೆಂಡಿನ ಡೆವನ್ ಸೀಮೆಯ ದೆವ್ವನಾಯಿಯ ಐತಿಹ್ಯವೇ ಇದರ ಬೀಜ. ಮನೆತನದ ಶಾಪವನ್ನು ವಿವರಿಸುವ ಹಳೆಯ ಹಸ್ತಪ್ರತಿಯ ವಾಚನದೊಂದಿಗೆ ಕಥೆ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಷರ್ಲಾಕ್ ಹೋಮ್ಸ್ ಬಯಲಿಗೆಳೆಯುವುದು ರಂಜಕ ಲೇಪಿಸಿದ ನಿಜವಾದ ನಾಯಿಯನ್ನು. ವಿಚಾರವು ಮೂಢನಂಬಿಕೆಯನ್ನು ಗೆದ್ದಿತೆಂದು ಹೇಳಿ ಮುಗಿಸುವುದು ಸುಲಭ. ಆದರೆ ಐತಿಹ್ಯವನ್ನು ಕೊಲೆಯ ಆಯುಧವಾಗಿಸಿದವನು ಹಳ್ಳಿಗನಲ್ಲ. ಕೀಟಗಳನ್ನು ಸಂಗ್ರಹಿಸುವ ವಿದ್ಯಾವಂತ ನಿಸರ್ಗವಿಜ್ಞಾನಿ. ಸರ್ ಚಾರ್ಲ್ಸ್ ಸಾಯುವುದೂ ನಾಯಿ ಕಚ್ಚಿದ್ದರಿಂದಲ್ಲ, ಭಯದಿಂದ ಎದೆಯೊಡೆದು. ಐತಿಹ್ಯ ಸುಳ್ಳಾದರೂ ಅದರ ಶಕ್ತಿ ಸುಳ್ಳಲ್ಲ ಎಂಬುದನ್ನು ಕೃತಿಯೇ ಸಾಬೀತುಪಡಿಸುತ್ತದೆ.

ಎಚ್.ಜಿ. ವೆಲ್ಸ್ ಅವರ ‘ದಿ ಇನ್‌ವಿಸಿಬಲ್ ಮ್ಯಾನ್’ (1897) ಕೃತಿಯ ಕೇಂದ್ರದಲ್ಲಿರುವುದು ಅದೃಶ್ಯತೆಯ ಆಶಯ. ಸ್ಟಿತ್ ಥಾಂಪ್ಸನ್ ಅವರ ಆಶಯಸೂಚಿಯಲ್ಲಿ ಇದರ ಸಂಖ್ಯೆ ಡಿ 1980. ನಮ್ಮ ಕಥೆಗಳ ಅಂಜನದ ಸ್ಥಾನದಲ್ಲಿ ಇಲ್ಲಿ ಬೆಳಕಿನ ವಕ್ರೀಭವನದ ತತ್ವವಿದೆ. ಆದರೆ ಅಂಜನಕ್ಕೆ ಕಥೆಗಾರರು ಕೇಳದ ಲೆಕ್ಕವನ್ನು ವೆಲ್ಸ್ ಕೇಳುತ್ತಾರೆ: ಗ್ರಿಫಿನ್ ಚಳಿಯಲ್ಲಿ ಬೆತ್ತಲೆಯಾಗಿ ಅಲೆಯಬೇಕು, ಹಿಮ, ಕೆಸರು, ಜೀರ್ಣವಾಗದ ಅನ್ನ ಎಲ್ಲವೂ ಅವನನ್ನು ತೋರಿಸಿಕೊಡುತ್ತವೆ. ಜನಪದ ನಾಯಕನನ್ನು ಗೆಲ್ಲಿಸಿದ ಆಶಯವೇ ಇಲ್ಲಿ ಅವನನ್ನು ಸಮುದಾಯದಿಂದ ಹೊರದೂಡಿ ಕೊಲ್ಲಿಸುತ್ತದೆ.

ಜಾನ್ ಬುಕನ್ ಅವರ ‘ದಿ ಥರ್ಟಿನೈನ್ ಸ್ಟೆಪ್ಸ್’ (1915) ಕೃತಿಯಲ್ಲಿ ಹ್ಯಾನೆ ಮನೆ ತೊರೆಯುತ್ತಾನೆ, ಬೆನ್ನಟ್ಟಲ್ಪಡುತ್ತಾನೆ, ವೇಷ ಮರೆಸುತ್ತಾನೆ, ಅಪರಿಚಿತರ ನೆರವು ಪಡೆಯುತ್ತಾನೆ. ಆಶ್ರಯ ಬೇಡಿ ಹೊಕ್ಕ ಮನೆಯೇ ಶತ್ರುವಿನದಾಗಿರುತ್ತದೆ. ದಾರಿ ತಪ್ಪಿದ ರಾಜಕುಮಾರ ರಾಕ್ಷಸನ ಮನೆ ಸೇರುವ ಪರಿ ಇದೇ ಅಲ್ಲವೇ? ವ್ಲಾದಿಮಿರ್ ಪ್ರಾಪ್ ರಷ್ಯದ ಅದ್ಭುತ ಕಥೆಗಳಲ್ಲಿ 31 ಕಥನಕ್ರಿಯೆಗಳನ್ನು ಗುರುತಿಸಿದ ಗ್ರಂಥ ಹೊರಬಂದದ್ದು 1928ರಲ್ಲಿ. ಅಂದರೆ ಬುಕನ್ ಅದನ್ನು ಓದಿ ಬರೆದವರಲ್ಲ. ಕಥೆ ಹೇಳುವ ಹಳೆಯ ಕ್ರಮವೇ ಅವರಿಗೆ ಒದಗಿಬಂದಿದೆ.

‘ಸೂತ್ರಬದ್ಧ’ವೆಂಬ ಒಂದೇ ಪದದಿಂದ ಇಂತಹ ಸಾಹಿತ್ಯವನ್ನು ತಳ್ಳಿಹಾಕುವಾಗ, ಸೂತ್ರವೇ ಜನಪದ ಕಥೆಯ ಪ್ರಾಣವೆಂದು ನಾವೇ ಪ್ರತಿಪಾದಿಸಿದ್ದನ್ನು ಮರೆಯುತ್ತೇವೆ. ಕನ್ನಡದಲ್ಲಿ ಎನ್. ನರಸಿಂಹಯ್ಯ (1925–2011) ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು ಅಸಂಖ್ಯ ಓದುಗರನ್ನು ಸೃಷ್ಟಿಸಿದರು. ಅಗ್ಗದ ಕಾಗದದಲ್ಲಿ ಅಚ್ಚಾಗಿ, ಕೈಯಿಂದ ಕೈಗೆ ದಾಟಿದ ಆ ಪುಸ್ತಕಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ. ಕಥೆಗಾರ್ತಿಯ ಕಣ್ಮರೆಗೆ ಮುನ್ನ ಕಥೆಯನ್ನು ದಾಖಲಿಸಬೇಕೆಂಬ ತುರ್ತು ನಮ್ಮ ಶಾಸ್ತ್ರವನ್ನು ಕಟ್ಟಿತು. ಅದೇ ತುರ್ತು ಈ ಹಾಳೆಗಳಿಗೂ ಸಲ್ಲಬೇಕು.